ಹಿಂದೆ ಬರುವವನು

ಶುಕ್ರವಾರ ನಮಾಜು ಮುಗಿಸಿ ಮುಸದ್ದಿಕ್ ಬರುವಷ್ಟರಲ್ಲಿ
ನಾಲ್ಕೂ ಸೈಕಲ್ಲು ಕಾರಿನ ಬೆನ್ನಿಗೆ ಬಿಗಿದಾಗಿತ್ತು.
ಜೆಸಿಂತಾಳ ಐಸ್ ಡಬ್ಬಿಯೊಳಗೆ ದೋಸೆ ಹಿಟ್ಟು,
ನನ್ನ ಹೆಂಡತಿಯ ಮಡಿಲಲ್ಲಿ ಕಾವಲಿ,
ಮಗುವಿನ ಹಾಗೆ, ಬೆಲ್ಟಿನೊಳಗೆ.

"ಊರಿನ ಹೆಸರೇ ಹತ್ತಾ,
ಇನ್ನು ಇಳಿಯುವುದು ಯಾವಾಗ?" ಎಂದಳು.
ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.
ನಲವತ್ತೇಳು ವರ್ಷ, ಡಕ್ಟು ಕಂಪೆನಿಯ ಲೆಕ್ಕಪತ್ರ,
ಎಡ ಮೊಣಕಾಲಿಗೆ ನೀಲಿ ಪಟ್ಟಿ.
ರೇಸಿಗೆ ನನ್ನ ಹೆಸರು ಕೊಟ್ಟದ್ದು ಮಗಳು ಚಾರ್ವಿ,
ಪ್ರಾಯ ಮಾತ್ರ ಸರಿಯಾಗಿ ತುಂಬಿದ್ದಳು.

ರಾತ್ರಿ ವಾದಿಯ ಒಣ ಕಲ್ಲುಗಳ ಮೇಲೆ ಗುಡಾರ.
ಸುತ್ತ ಗುಡ್ಡಗಳು ಹೆಚ್ಚು ಹುರಿದ ಕಾಫಿ ಬೀಜದಂತೆ.
ಐವನ್ ನನ್ನ ಟಯರನ್ನು ಹೆಬ್ಬೆರಳಲ್ಲಿ ಒತ್ತಿದ,
ಪಪ್ಪಾಯಿ ಹಣ್ಣಾಯಿತೇ ಎಂದು ನೋಡುವವನಂತೆ.
"ಗಾಳಿ ಜಾಸ್ತಿ ಉಂಟು ಮಾರಾಯ,
ಕಲ್ಲಿನ ಮೇಲೆ ಕುಣೀತದೆ. ಸ್ವಲ್ಪ ಬಿಡು."
ಪುಸ್ಸೆಂದು
ಶಾರ್ಜಾದ ಗಾಳಿ ಹತ್ತಾದ ಕತ್ತಲಿಗೆ ಹೋಯಿತು.

ಬೆಳಗ್ಗೆ ಸೀಟಿ ಊದಿದ್ದು ನೆನಪಿದೆ,
ಆಮೇಲೆ ಧೂಳು.
ಕಂಬದಂಥ ಕಾಲಿನ ಜರ್ಮನರು, ಹಳದಿ ಅಂಗಿಯ ಫಿಲಿಪಿನೋ ಪಡೆ,
ಹಿಂದಿನ ಚಕ್ರದ ಮೇಲೇ ನಿಂತು ಹೋದ ಇಲ್ಲಿಯದೇ ಹುಡುಗನೊಬ್ಬ,
ಮುಸದ್ದಿಕ್, ಐವನ್, ಎಲ್ಲ ಹೋದರು.
ಮೂರನೆಯ ತಿರುವಿನಲ್ಲಿ ನಾನು, ಒಂದು ಆಡು,
ಮತ್ತು ಹಿಂದೆ ಒಬ್ಬ.

ಗುಲ್ಜರೀನ್. ಸ್ವಾತ್ ಕಡೆಯವನು.
ಕೊನೆಯವನ ಹಿಂದೆ ಬರುವುದೇ ಅವನ ಕೆಲಸ.
ನಾನು ದಾಟಿದ ಕೂಡಲೇ ಗೂಟದಿಂದ
ಕೆಂಪು ಬಿಳಿ ಪಟ್ಟಿ ಬಿಚ್ಚಿ, ಕೈಗೆ ಸುತ್ತಿ, ಚೀಲಕ್ಕೆ ಹಾಕುತ್ತಾನೆ.
ತಿರುಗಿ ನೋಡಿದರೆ
ಬಂದ ದಾರಿ ಇಲ್ಲ. ಬರೀ ಗುಡ್ಡ.

ಈ ದೇಶದಲ್ಲಿ ಇದು ಹೊಸತಲ್ಲ.
ಮನೆ ಬಿಟ್ಟ ಮರುದಿನವೇ ಗೋಡೆಗೆ ಬಿಳಿ ಬಣ್ಣ,
ಮಗಳ ಎತ್ತರ ಗುರುತು ಹಾಕಿದ್ದ ಪೆನ್ಸಿಲ್ ಗೆರೆಗಳ ಮೇಲೂ.
ಮಾರ್ಚಿಗೆ ಮುಸದ್ದಿಕನ ವೀಸಾ ಮುಗಿಯುತ್ತದೆ.
ರಾತ್ರಿ ಬೆಂಕಿಯ ಸುತ್ತ ಕೂತು
ಟಯರಿನ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದೆವು.

ಇಳಿಜಾರಿನಲ್ಲಿ ಬಂಡೆ. ಹಿಂದಿನ ಟ್ಯೂಬಿಗೆ
ಹಾವು ಕಚ್ಚಿದ ಹಾಗೆ ಎರಡು ತೂತು.
ಗಾಳಿ ಬಿಡಿಸಿದ ಐವನನಿಗೆ ಬೈದೆ, ಕೊಂಕಣಿಯಲ್ಲೇ,
ಅವನದೇ ಭಾಷೆಯಲ್ಲಾದರೆ ಮುಟ್ಟೀತೆಂದು.
ಗುಲ್ಜರೀನ್ ಕೂತ, ತೇಪೆ ಹಚ್ಚಿದ,
ಗಿಡ್ಡ ಪಂಪಿನಲ್ಲಿ ಮುನ್ನೂರು ಸಲ ಒತ್ತಿದ.
ನಾನು ಎಣಿಸಿದೆ, ಬೇರೇನೂ ಮಾಡಲಿಕ್ಕಿರಲಿಲ್ಲ.
"ಆರಾಮ್ ಸೇ," ಎಂದ. "ನಾನು ನಿನ್ನನ್ನು ದಾಟುವಂತಿಲ್ಲ."

ಕೆಳಗೆ ಬಂದಾಗ ಬಹುಮಾನ ಹಂಚಿ ಆಗಿತ್ತು.
ಗಾಳಿ ತುಂಬಿದ ದೊಡ್ಡ ಕಮಾನಿನ ಮೋಟಾರು ನಿಲ್ಲಿಸಿದ್ದರು,
ಅದು ಮೊಣಕಾಲೂರುತ್ತಿತ್ತು, ಮುದಿ ಆನೆಯ ಹಾಗೆ.
ಆಗ ಓಡಿದರು ನೋಡಿ:
ಐವನ್ ಒಂದು ಕಾಲಿಗೆ ಹೆಗಲು ಕೊಟ್ಟ, ಮುಸದ್ದಿಕ್ ಇನ್ನೊಂದಕ್ಕೆ,
ಜೆಸಿಂತಾ ಸಟ್ಟುಗದಿಂದಲೇ ನಡುವನ್ನು ಎತ್ತಿ ಹಿಡಿದಳು,
ಹೆಂಡತಿ "ತಲೆ ತಗ್ಗಿಸಿ, ತಲೆ!" ಎಂದು ಕೂಗುತ್ತಿದ್ದಳು,
ಚಾರ್ವಿ, ಮಕ್ಕಳ ಓಟದ ಬೆಳ್ಳಿ ಪದಕ ಕಚ್ಚಿಕೊಂಡು, ಎರಡೂ ಕೈ ಮೇಲೆ.
ತಗ್ಗಿಸಿದೆ. ದಾಟಿದೆ.
ನನ್ನ ಹಿಂದೆ ಗುಲ್ಜರೀನ್, ಅವನೂ ತಗ್ಗಿಸಿ.
ಅವನಿಗೆ ಎರಡು ದೋಸೆ. ಮೂರನೆಯದನ್ನು ಅವನೇ ಕೇಳಿದ.

ಭಾನುವಾರ ಹದಿನಾಲ್ಕನೆಯ ಮಹಡಿಯ ಬಚ್ಚಲಲ್ಲಿ
ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ತಿಕ್ಕಿದೆವು.
ಕಾಫಿ ಬಣ್ಣದ ನೀರು ತೂಬಿಗೆ ಇಳಿಯಿತು.
"ಗಾಳಿ ತೆಗೆಯಬೇಡ ಪಪ್ಪಾ," ಎಂದಳು ಚಾರ್ವಿ,
"ಹಿಂದಿನ ಚಕ್ರದಲ್ಲಿರುವುದು ಅಲ್ಲಿಯದು."

ಸೋಮವಾರ ಟೈ ಕಟ್ಟಿಕೊಂಡವನು
ಬಾಲ್ಕನಿಗೆ ಹೋಗಿ ಹೆಬ್ಬೆರಳಲ್ಲಿ ಒತ್ತಿ ನೋಡಿದೆ.
ಸ್ವಲ್ಪ ಮೆತ್ತಗಾಗಿದೆ.
ಇದೆ.